ಚಕ್ರದ ಹಿಂದಿನ ಕಲ್ಲು

ಬಸರೀಕಟ್ಟೆಯ ಏರಿನಲ್ಲಿ ಎಂಜಿನ್ ಕಾದು ವ್ಯಾನು ಮತ್ತೆ ನಿಂತಿತು. ಒಳಗೆ ಮಂಚ, ಒಲೆ, ಪರದೆ ಎಲ್ಲ ಕೂರಿಸಿ, ಹೊರಗೆ ಹಳದಿ ಬಣ್ಣ ಬಳಿಸಿ, ಸುತ್ತಾಟಕ್ಕೆಂದು ಮಾಡಿಕೊಂಡ ಹಳೇ ವ್ಯಾನು. ಹ್ಯಾಂಡ್‌ಬ್ರೇಕ್ ರಿಪೇರಿ ಮಾಡಿಸಲು ಮಾತ್ರ ನನ್ನ ಗಂಡ ರಾಜಶೇಖರನಿಗೆ ಪುರುಸೊತ್ತಾಗಿರಲಿಲ್ಲ. ಹಾಗಾಗಿ ಏರಿನಲ್ಲಿ ನಿಂತಾಗಲೆಲ್ಲ ನಾನೇ ಇಳಿದು ಹಿಂದಿನ ಚಕ್ರಕ್ಕೆ ಕಲ್ಲು ಕೊಡಬೇಕು.

ಎಂಜಿನ್ ತಣಿದ ಮೇಲೆ ಗಾಡಿ ಹೊರಡಿಸಿದ. "ಬೇಗ ಹತ್ತೇ ಮಾರಾಯ್ತಿ, ಇನ್ನೊಂದ್ ಸಲ ನಿಂತ್ರೆ ಇದು ಏರಲ್ಲ." ಓಡಿ ಬಾಗಿಲು ಹಿಡಿದು ಹತ್ತಿದೆ.

ಮೇಲೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿದಾಗಲೇ ನೆನಪಾದದ್ದು. ಚಕ್ರಕ್ಕೆ ಕೊಟ್ಟ ಕಲ್ಲು ಕೆಳಗೆ ರಸ್ತೆಯಲ್ಲೇ ಉಳಿದಿದೆ. ಒಂದೇ ವಾಹನ ಹಿಡಿಸುವ ರಸ್ತೆ, ಅದೂ ತಿರುವಿನಾಚೆ.

"ಯಾರಾದ್ರೂ ಎತ್ತಿ ಹಾಕ್ತಾರೆ ಬಿಡು," ಎಂದು ಅವನು ಚಹಾಕ್ಕೆ ನೀರಿಟ್ಟ. ನನಗೆ ಮೈಯೆಲ್ಲ ಉರಿಯಿತು. ಇಳಿದು, ಬಂದ ದಾರಿಯಲ್ಲೇ ಕೆಳಗೆ ಓಡಿದೆ.

ಹಿಂದಿನಿಂದ ಒಂದು ಬೈಕು ಬಂತು. ಗಂಡ, ಹೆಂಡತಿ, ಅವಳ ಹೆಗಲ ಮೇಲೆ ಹಿಂದಕ್ಕೆ ನೋಡುತ್ತಿದ್ದ ಮಗು. "ನಿಲ್ಸಿ, ಕಲ್ಲಿದೆ," ಎನ್ನುತ್ತ ಎರಡೂ ಕೈ ಬೀಸಿದೆ. ಕೊಪ್ಪದಿಂದ ಇಲ್ಲಿಯವರೆಗೆ ನಮ್ಮ ಹಳದಿ ವ್ಯಾನು ಕಂಡವರೆಲ್ಲ ಕೈಬೀಸಿದ್ದರು. ನಾವೂ ಹಲ್ಲುಬಿಟ್ಟು ಬೀಸಿದ್ದೆವು. ಮೇಲೆ ವ್ಯಾನು ನೋಡಿ ಬಂದಿದ್ದ ಇವರೂ, ಬೈಕಿನ ಸದ್ದಿನಲ್ಲಿ ನನ್ನ ಮಾತು ಕೇಳಿಸದೆ, ನಗುತ್ತ ಕೈಬೀಸಿ ನನ್ನನ್ನು ದಾಟಿದರು.

ಇಳಿಜಾರು ಸಿಕ್ಕಿತಲ್ಲ, ಪೆಟ್ರೋಲ್ ಉಳಿಸಲೆಂದು ಪುಣ್ಯಾತ್ಮ ಎಂಜಿನ್ ಆಫ್ ಮಾಡಿದ. ಬೈಕು ಸದ್ದಿಲ್ಲದೆ ತಿರುವಿನತ್ತ ಜಾರಿತು. ಮರೆಯಾಗುವವರೆಗೂ ಮಗು ನನಗೆ ಕೈಬೀಸುತ್ತಲೇ ಇತ್ತು.