ಕರೆಂಟು ಕಡಿಯಲು ಬಂದವನಿಗೆ ಆಶೀರ್ವಾದ

ಮೊಟ್ಟೆ ತುಟ್ಟಿಯಾದರೆ ಜನ ಮನೆಯಲ್ಲೇ ಕೋಳಿ ಸಾಕಿಕೊಳ್ಳಲಿ ಎಂದು ಮಂತ್ರಿಗಳೊಬ್ಬರು ಟಿವಿಯಲ್ಲಿ ಹೇಳಿದ್ದು ನವೆಂಬರಿನಲ್ಲಿ. ಹಿಮದ ಬೆಟ್ಟಗಳ ನಡುವಿನ ನಮ್ಮ ನರಿನ್ ಊರಿನವರು ಇಂಥ ಮಾತು ಕೇಳಿದರೆ ನಕ್ಕು ಚಹಾ ಬಗ್ಗಿಸಿಕೊಳ್ಳುತ್ತಾರೆ. ಅದನ್ನು ನಂಬಿ ನಡೆದವಳು ಇಡೀ ಊರಿನಲ್ಲಿ ನನ್ನ ಎದುರು ಮನೆಯ ಜುಮಾಗುಲ್ ಒಬ್ಬಳೇ ಇರಬೇಕು.

ಜುಮಾಗುಲ್ ಹದಿನಾರು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳಿಗೆ ಗಂಜಿ ಬೇಯಿಸಿದವಳು. ಶಿಕ್ಷಣವನ್ನು ಸುಧಾರಿಸುತ್ತೇವೆ ಎಂದವರು ಮೊದಲು ಸುಧಾರಿಸಿದ್ದು ಆ ಅಡುಗೆಮನೆಯನ್ನು. ಬಾಗಿಲಿಗೆ ಬೀಗ ಬಿತ್ತು. ಅವಳು ಎರಡು ವಾರ ಮಂಕಾಗಿ ಕೂತಿದ್ದು, ಮಂತ್ರಿಗಳ ಮಾತು ಕೇಳಿದ್ದೇ ಎದ್ದಳು. ಮೊಟ್ಟೆಗೆ ಕಾವು ಕೊಡಲೆಂದು ಕೆಟ್ಟುಹೋದ ಫ್ರಿಜ್ಜೊಂದನ್ನು ಅಂಗಾತ ಮಲಗಿಸಿ, ಒಳಗೆ ಹಳೇ ಕಾಲದ ಎರಡು ಬಲ್ಬು, ಒಂದು ಬಟ್ಟಲು ನೀರು ಇಟ್ಟಳು. ಜ್ವರ ನೋಡುವ ನನ್ನ ಥರ್ಮಾಮೀಟರನ್ನೂ ಒಯ್ದಳು. ತಂಗಿಯ ಹಳ್ಳಿಯಿಂದ ಅರವತ್ತು ಮೊಟ್ಟೆ ಬಂದವು. ಮರಿಯಾದ ಮೇಲೆ ನಮ್ಮ ಕಟ್ಟಡದ ಪ್ರತಿ ಮನೆಗೂ ಒಂದೊಂದು ಜೋಡಿ, ಉಳಿದವು ಅವಳ ಮುಂದಿನ ಬದುಕು. ಬೇರೆ ದಾರಿ ಅವಳಿಗಿರಲಿಲ್ಲ.

ಆದರೆ ಆ ಚಳಿಗಾಲ ವಿದ್ಯುತ್ತಿಗೂ ಮಿತಿ ಬಂತು. ನದಿಯಲ್ಲಿ ನೀರು ಕಡಿಮೆ, ತಾಳ್ಮೆಯಿರಲಿ ಎಂದರು. ಮಿತಿ ಮೀರಿದ ಮನೆಗೆ ಮೂರು ದಿನ ಕತ್ತಲೆ. ಹೊಸ ಮೀಟರುಗಳು ಯಾರೂ ಕೇಳದಿದ್ದರೂ ಕಚೇರಿಗೆ ತಾವೇ ಚಾಡಿ ಹೇಳುತ್ತವೆ. ಜುಮಾಗುಲಳ ಮನೆಯಲ್ಲಿ ಹೀಟರೂ ಉರಿಯುತ್ತಿತ್ತು, ಮೊಟ್ಟೆಯ ಪೆಟ್ಟಿಗೆಯೂ ಉರಿಯುತ್ತಿತ್ತು. ಮರಿಯಾಗಲು ಬೇಕಾದ ಇಪ್ಪತ್ತೊಂದು ದಿನದ ಲೆಕ್ಕದಲ್ಲಿ ಹದಿನೆಂಟನೆಯ ದಿನ, ಹೊರಗೆ ಸೊನ್ನೆಗಿಂತ ಇಪ್ಪತ್ತಾರು ಡಿಗ್ರಿ ಕೆಳಗಿದ್ದ ಮಧ್ಯಾಹ್ನ, ನಾನೂ ಅವಳ ಮನೆಯಲ್ಲೇ ಕೂತಿದ್ದಾಗ ಮೆಲಿಸ್ ಬಂದ.

ಮೆಲಿಸ್ ವಿದ್ಯುತ್ ಕಚೇರಿಯವನು. ನಲವತ್ತೈದು ದಾಟಿದ ಗಂಡಸು, ಮೀಸೆಯ ಮೇಲೆ ಹಿಮ, ಕೈಯಲ್ಲಿ ಇಕ್ಕಳ. ಒಂದು ಕಾಲದಲ್ಲಿ ನಾನು ಕಲಿಸುತ್ತಿದ್ದ ಭೂಗೋಳದ ತರಗತಿಯಲ್ಲಿ ಕೊನೆಯ ಬೆಂಚಿನವನು. ಬಾಗಿಲಲ್ಲಿ ಬೂಟು ಬಿಚ್ಚಿಟ್ಟು, ಅದರಿಂದ ಉದುರಿದ ಹಿಮವನ್ನು ತಾನೇ ಕರವಸ್ತ್ರದಿಂದ ಒರೆಸಿದ.

"ಜುಮಾಗುಲ್, ಬೇಜಾರು ಮಾಡ್ಕೋಬೇಡಮ್ಮ. ಕಾಗದ ಬಂದಿದೆ," ಎಂದ.

"ಮಾಡ್ಕೊಳ್ಳಲ್ಲ ಅಣ್ಣ. ಮೊದಲು ರೊಟ್ಟಿ ಮುರೀರಿ," ಎಂದಳು ಜುಮಾಗುಲ್.

ಅವನು ನಿಟ್ಟುಸಿರು ಬಿಟ್ಟ. ನಮ್ಮಲ್ಲಿ ಹೊಸ್ತಿಲಿಗೆ ಬಂದವರು ರೊಟ್ಟಿಯ ಚೂರನ್ನಾದರೂ ಬಾಯಿಗೆ ಹಾಕದೆ ಹೋಗುವಂತಿಲ್ಲ. ಶತ್ರುವಾದರೂ ಸರಿ, ಸರ್ಕಾರವಾದರೂ ಸರಿ. "ಬೆಳಗ್ಗೆಯಿಂದ ಇದು ಏಳನೇ ಮನೆ ಕಣಮ್ಮ. ಊರಿನ ಕರೆಂಟೆಲ್ಲ ಇಳೀತಾ ಇದೆ, ನನ್ನ ತೂಕ ಒಂದೇ ಏರ್ತಾ ಇರೋದು."

ರೊಟ್ಟಿಯ ಹಿಂದೆ ಬೆಣ್ಣೆ, ಬೆಣ್ಣೆಯ ಹಿಂದೆ ಜಾಮು, ಅದರ ಹಿಂದೆ ಹಾಲು ಹಾಕಿದ ಚಹಾ. ಅವನನ್ನು ಕಚೇರಿ ಮುಚ್ಚುವವರೆಗೆ ಕೂರಿಸುವುದು ನಮ್ಮ ಉಪಾಯ. ಮೇಲಿನ ಮನೆಯ ಅಸಾನ್‌ಗಾಜಿಯೂ ಇಳಿದು ಬಂದ. ಲಾರಿ ಓಡಿಸಿ ನಿವೃತ್ತನಾದ ಈ ಮುದುಕ ದಿನವೂ ಟಿವಿಯ ವಾರ್ತೆಯ ಜೊತೆ ಜಗಳವಾಡುತ್ತಾನೆ. ಇಡೀ ಕಟ್ಟಡಕ್ಕೆ ವಾರ್ತೆ ತಿಳಿಯುವುದು ಅವನ ಬೈಗುಳದಿಂದ.

"ಕೋಳಿ ಸಾಕಿ ಅಂದೋರೂ ಅವರೇ, ಕೋಳಿಯ ದೀಪ ಆರಿಸಿ ಅನ್ನೋರೂ ಅವರೇ!" ಎಂದು ಮೆಲಿಸನ ಮೇಲೆ ಹರಿಹಾಯ್ದ. "ನಿಮ್ಮ ಬಲಗೈಗೂ ಎಡಗೈಗೂ ಮಾತುಕತೆ ಇಲ್ವೇನಯ್ಯಾ?"

"ಅಜ್ಜ, ನಾನು ಎಡಗೈಯ ಕಿರುಬೆರಳು," ಎಂದ ಮೆಲಿಸ್. ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾ, ನಮ್ಮ ನದಿ ಇಡೀ ದೇಶಕ್ಕೆ ದೀಪ ಹಚ್ಚುತ್ತೆ ಅಂತ ಪಾಠ ಮಾಡಿದ್ದು ನೀವೇ ಅಲ್ವಾ?"

"ಪುಸ್ತಕದಲ್ಲಿ ಹಾಗಿತ್ತು ಮಗಾ. ಹಚ್ಚುತ್ತೆ ಅಂತಿತ್ತು, ನಮಗೂ ಹಚ್ಚುತ್ತೆ ಅಂತಿರಲಿಲ್ಲ."

ಎಲ್ಲರೂ ನಕ್ಕೆವು. ನಾಲ್ಕನೆಯ ಬಟ್ಟಲು ಚಹಾ ಕುಡಿದು ಮೆಲಿಸ್ ಸಾಕೆಂಬಂತೆ ಬಟ್ಟಲನ್ನು ಬೋರಲು ಹಾಕಿದ. ಊಟದ ಹಾಸಿನಿಂದ ಏಳುವ ಮುಂಚೆ ಅಲ್ಲಿರುವ ಹಿರಿಯರು ಅಂಗೈ ಚಾಚಿ ಹರಸಬೇಕು, ಉಳಿದವರು ಮುಖ ಸವರಿಕೊಂಡು 'ಓಮೀನ್', ಅಂದರೆ ಹಾಗೇ ಆಗಲಿ, ಎನ್ನಬೇಕು. ಹಿರಿಯಳು ನಾನೇ. ಎಪ್ಪತ್ತೆಂಟು ವರ್ಷದ ಅಭ್ಯಾಸದ ನಾಲಿಗೆ. ಮನಸ್ಸನ್ನು ಕೇಳದೆ ತಾನೇ ಹೊರಟುಬಿಟ್ಟಿತು.

"ಮಗಾ ಮೆಲಿಸ್, ಆಯುಷ್ಯ ಹೆಚ್ಚಲಿ, ದಾರಿ ಸುಗಮವಾಗಲಿ, ಬಂದ ಕೆಲಸ ಕೈಗೂಡಲಿ!"

"ಓಮೀನ್," ಎಂದರು ಎಲ್ಲರೂ. ಜುಮಾಗುಲಳೂ ಅಂದಳು. ಅಂದಮೇಲೆ ಅವಳ ಕೈಗಳು ಕೆನ್ನೆಯ ಮೇಲೆಯೇ ನಿಂತವು.

"ಅಕ್ಕಾ... ಏನು ಹರಸಿಬಿಟ್ರಿ?"

ಕೊಟ್ಟ ಆಶೀರ್ವಾದವನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ನನಗೆ ನೆಲ ಬಿರಿಯಬಾರದೇ ಅನ್ನಿಸಿತು.

"ಜೀವಮಾನವೆಲ್ಲ ಸರ್ಕಾರಕ್ಕೆ ಒಂದು ಒಳ್ಳೆ ಮಾತು ಆಡ್ದೋಳಲ್ಲ," ಎಂದ ಅಸಾನ್‌ಗಾಜಿ, "ಆಡೋದಕ್ಕೆ ಇವತ್ತೇ ಸಿಕ್ತಾ ತಾಯಿ?"

ಮೆಲಿಸ್ ನಗಲಿಲ್ಲ. ಇಕ್ಕಳವನ್ನು ಕೈಯಲ್ಲಿ ತಿರುಗಿಸುತ್ತ ನಿಂತಿದ್ದ. "ಕಡೀದೆ ಹೋದ್ರೆ ನಾಳೆ ಇನ್ನೊಬ್ಬನ್ನ ಕಳಿಸ್ತಾರೆ. ಅವನು ರೊಟ್ಟಿ ಮುರಿದು ಜೇಬಿಗೆ ಹಾಕ್ಕೊಂಡು ಕಡಿದು ಹೋಗೋನು. ಈ ಪೆಟ್ಟಿಗೆ ಬೇರೆ ಮನೆಯಲ್ಲಿ ಇಡೋಕಾಗಲ್ವಾ?"

"ಯಾರ ಮನೆಯಲ್ಲಿ ಇಟ್ರೂ ಅವರ ಮಿತಿ ಮೀರುತ್ತೆ ಅಣ್ಣ."

"ಹೀಟರ್ ಆರಿಸಿದ್ರೆ ಮೀರಲ್ಲ."

ಆ ಚಳಿಯಲ್ಲಿ ಹೀಟರ್ ಆರಿಸುವ ಮಾತು. ನನ್ನ ಕೀಲುಗಳನ್ನು ನೆನೆದು ನಾನು ಬಾಯಿ ತೆರೆಯುವಷ್ಟರಲ್ಲಿ ಅಸಾನ್‌ಗಾಜಿ ಕೆಮ್ಮಿದ.

"ನನ್ನ ಮನೆಗೆ ತನ್ನಿ. ಕುರಿಚರ್ಮದ ಕೋಟಿದೆ. ಹೀಟರ್ ಆರಿಸ್ತೀನಿ." ಒಂದು ಕ್ಷಣ ತಡೆದು, ಹಲ್ಲು ಕಿತ್ತುಕೊಟ್ಟವನಂತೆ ಹೇಳಿದ: "ಟಿವಿನೂ."

ಮೆಲಿಸ್ ತನ್ನ ಕೋಟು ಬಿಚ್ಚಿ ಫ್ರಿಜ್ಜಿಗೆ ಹೊದಿಸಿದ. ಅವನೂ ಜುಮಾಗುಲಳೂ ಎರಡು ಕಡೆ ಹಿಡಿದು, ಮೆಟ್ಟಿಲಿಗೊಮ್ಮೆ ನಿಂತು ಉಸಿರುಬಿಡುತ್ತ, ಮದುವಣಗಿತ್ತಿಯನ್ನು ಮನೆ ತುಂಬಿಸಿಕೊಳ್ಳುವಷ್ಟು ಜೋಪಾನವಾಗಿ ಮೇಲಕ್ಕೆ ಒಯ್ದರು. ಬಲ್ಬು ಹತ್ತಿ, ಪೆಟ್ಟಿಗೆ ಬಿಸಿಯಾಗಿ, ಥರ್ಮಾಮೀಟರಿನ ಪಾದರಸ ಏರುವವರೆಗೂ ಅವನು ಮಂಡಿಯೂರಿ ಕೂತಿದ್ದ. ಆಮೇಲೆ ಕೆಳಗಿಳಿದು ತಂತಿ ಕಡಿದು, ಮುದ್ರೆ ಹಾಕಿ, ಕಾಗದಕ್ಕೆ ಜುಮಾಗುಲಳ ಸಹಿ ತೆಗೆದುಕೊಂಡ. ನನ್ನ ಆಶೀರ್ವಾದ ಅಕ್ಷರಶಃ ಕೈಗೂಡಿತು.

ಕೋಟನ್ನು ಮಾತ್ರ ಪೆಟ್ಟಿಗೆಯ ಮೇಲೇ ಬಿಟ್ಟ. "ಇರಲಿ ಬಿಡಿ. ವ್ಯಾನಿನಲ್ಲಿ ಬೆಚ್ಚಗಿರುತ್ತೆ," ಎಂದು ಓಡಿದ. ನಾನು ಕಿಟಕಿಯಿಂದ ನೋಡಿದೆ. ಆ ವ್ಯಾನಿನ ಒಂದು ಬಾಗಿಲಿಗೆ ಗಾಜಿನ ಬದಲು ರಟ್ಟು ಅಂಟಿಸಿತ್ತು.

ಮೂರು ದಿನ ನಮ್ಮ ಕಟ್ಟಡಕ್ಕೆ ವಾರ್ತೆಯೇ ಇರಲಿಲ್ಲ. ಜುಮಾಗುಲ್ ಮಲಗುತ್ತಿದ್ದುದು ನನ್ನ ಮನೆಯಲ್ಲಿ, ಜೀವವಿದ್ದುದು ಮೇಲೆ. ಒಂದೊಂದು ಮನೆಯವರು ಒಂದೊಂದು ಹೊತ್ತು ಅಸಾನ್‌ಗಾಜಿಗೆ ಬಿಸಿ ಸಾರು ಮುಟ್ಟಿಸಿದರು. ಅವನೋ ಕುರಿಚರ್ಮದ ಕೋಟಿನಲ್ಲಿ ಹುದುಗಿ, ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು, ಅಭ್ಯಾಸಬಲದಿಂದ ಮೊಟ್ಟೆಗಳನ್ನೇ ಬೈಯುತ್ತಿದ್ದ.

ಇಪ್ಪತ್ತೊಂದನೆಯ ದಿನ ಬೆಳಗ್ಗೆ ನಾವು ಮೇಲೆ ಹೋದಾಗ ಅವನು ಪೆಟ್ಟಿಗೆಯ ಮೇಲೆ ಬಗ್ಗಿ, "ತಾಳ್ಮೆ ತಾಳ್ಮೆ ಅಂತ ಇನ್ನೂ ಎಷ್ಟು ದಿನ ಕಾಯಿಸ್ತೀರಿ?" ಎಂದು ಗದರುತ್ತಿದ್ದ.

ಒಳಗಿನಿಂದ "ಚಿಂವ್" ಎಂದಿತು.

ಮುದುಕ ಟೋಪಿಯನ್ನು ಕಿವಿಯಿಂದ ಮೇಲೆತ್ತಿದ. ಮೂವತ್ತು ವರ್ಷ ಟಿವಿಯನ್ನು ಬೈದದ್ದಕ್ಕೆ ಒಮ್ಮೆಯೂ ಉತ್ತರ ಬಂದದ್ದಿಲ್ಲ ಅವನಿಗೆ. ಜುಮಾಗುಲ್ ಮುಖ ಮುಚ್ಚಿಕೊಂಡು ಅಳುತ್ತ ನಗುತ್ತಿದ್ದಳು. ಸಂಜೆಯ ಹೊತ್ತಿಗೆ ಅರವತ್ತರಲ್ಲಿ ನಲವತ್ತೇಳು ಮರಿ ಹೊರಬಂದಿದ್ದವು. ಚಿಪ್ಪು ಒಡೆಯುವ ಕೆಲಸವನ್ನೇ ಮಾಡದೆ ಒಳಗಿನಿಂದ ಒಂದು ಗಂಟೆ ಭಾಷಣ ಬಿಗಿದ ಮರಿಗೆ ಅಸಾನ್‌ಗಾಜಿ ಅಲ್ಲೇ 'ಸಂಸದ' ಎಂದು ಹೆಸರಿಟ್ಟ.

ಮೆಲಿಸ್ ತಂತಿ ಜೋಡಿಸಲು ಬಂದು ಕೋಟು ಒಯ್ದ. ಒಂದು ತೋಳಿನ ಮೇಲೆ ಮರಿಗಳ ಗುರುತು ಇತ್ತು. ನೋಡಿಯೂ ನೋಡದವನಂತೆ ತೊಟ್ಟುಕೊಂಡ.

ಅವನು ಮತ್ತೆ ಬಂದದ್ದು ಜೂನ್ ಕೊನೆಯಲ್ಲಿ, ವಿದ್ಯುತ್ ದರ ಏರಿದ ಕಾಗದ ಹಂಚಲು. ಹಿತ್ತಲಿನ ಶೆಡ್ಡಿನಲ್ಲಿ ಕೋಳಿಗಳು ಆ ವಾರವಷ್ಟೇ ಮೊಟ್ಟೆಯಿಡಲು ಶುರುಮಾಡಿದ್ದವು. ಜುಮಾಗುಲ್ ಮೊದಲ ಮೂರು ಮೊಟ್ಟೆಗಳನ್ನು ಬೆಣ್ಣೆಯಲ್ಲಿ ಹುರಿದು ಅವನ ಮುಂದಿಟ್ಟಳು. ತಿಂದು ಮುಗಿಸಿ ಅವನು ನನ್ನ ಕಡೆ ನೋಡಿದ.

"ಹರಸಿ ಅಕ್ಕಾ. ಇನ್ನೂ ಹನ್ನೆರಡು ಮನೆಗೆ ಕಾಗದ ಕೊಡೋದಿದೆ."

"ಅಕ್ಕಾ, ಯೋಚನೆ ಮಾಡಿ!" ಎಂದು ಜುಮಾಗುಲ್ ನನ್ನ ತೋಳು ಹಿಡಿದಳು.

ನಾನು ಅಂಗೈ ಚಾಚಿದೆ. ಈ ಸಲ ನಾಲಿಗೆಯನ್ನು ಬಿಗಿಹಿಡಿದು, ಚೆನ್ನಾಗಿ ಯೋಚಿಸಿದೆ.

"ಮಗಾ, ನಿನಗೆ ಬೇಗ ಬೇರೆ ಕೆಲಸ ಸಿಗಲಿ."

ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಗಟ್ಟಿಯಾಗಿ 'ಓಮೀನ್' ಎಂದವನು ಮೆಲಿಸ್.