ಸೊಪ್ಪು ಹಾಕಾಯ್ತಾ?

ಮೊದಲ ಏಟು ಪವಿತ್ರಳ ಕಿವಿಗೇ ಬಿತ್ತು. ಎರಡನೆಯದಕ್ಕೆ ತುಟಿ ಒಡೆಯಿತು. ಒಲೆ ಮುಂದಿದ್ದ ಕದಿರಮ್ಮ ಎದ್ದು ಅಂಗಳಕ್ಕೆ ಬರುವಷ್ಟರಲ್ಲಿ ಮಗ ಮೋಹನ್‌ಬಾಬು ತಂಗಿಯ ಜಡೆ ಹಿಡಿದು ಹುಳುಮನೆಯ ಬಾಗಿಲವರೆಗೂ ಎಳೆದು ತಂದಿದ್ದ. ಹೊಸಿಲು ಮಾತ್ರ ದಾಟಿಸಲಿಲ್ಲ. ಅಷ್ಟು ಕೋಪದಲ್ಲೂ ಅವನಿಗೆ ಅದೊಂದು ನೆನಪಿತ್ತು, ಹುಡುಗಿ ಮುಟ್ಟಾಗಿದ್ದಾಳೆ.

ಒಳಗಿಂದ ಬೆಂದ ವಾಸನೆ ಬರುತ್ತಿತ್ತು. ರಾತ್ರಿಯೆಲ್ಲ ಹೀಟರ್ ಉರಿದು, ಇನ್ನೇನು ಗೂಡು ಕಟ್ಟಬೇಕಿದ್ದ ರೇಷ್ಮೆಹುಳುಗಳು ಬಾಡಿದ ಸೊಪ್ಪಿನ ಮೇಲೆ ಕಪ್ಪಗೆ ಮೆತ್ತಗಾಗಿ ಸತ್ತಿದ್ದವು. ಹೀಟರ್‌ನ ಹತೋಟಿ ಅಲ್ಲೇ ಒಳಗಿದ್ದ ಪವಿತ್ರಳ ಲ್ಯಾಪ್‌ಟಾಪಿನ ಕೈಲಿತ್ತು. ಚಿಕ್ಕಬಳ್ಳಾಪುರದ ಕಾಲೇಜಲ್ಲಿ ಕಲಿತ ಪೈಥಾನ್ ಭಾಷೆಯಲ್ಲಿ ಅವಳೇ ಬರೆದ ಪ್ರೋಗ್ರಾಂ.

ಬರೆಯುವಾಗ ಅವರೆಕಾಯಿ ಸುಲಿಯುತ್ತ ಕೂತಿದ್ದ ಅಮ್ಮನಿಗೆ ಎಲ್ಲ ಬಿಡಿಸಿ ಹೇಳಿದ್ದಳು. ಮೇಲಿಂದ ಕೆಳಕ್ಕೆ ಒಂದೊಂದೇ ಸಾಲು ಓದ್ತದಮ್ಮ. ಇಫ್ ಅಂತ ಬರೆದು ಕೊನೆಗೆ ಎರಡು ಚುಕ್ಕಿ ಇಡೋದು, ಕೆಳಗಿನ ಸಾಲನ್ನ ನಾಲ್ಕು ಸ್ಪೇಸ್ ಒಳಕ್ಕೆ ತಳ್ಳೋದು. ಚಳಿ ಇದ್ರೆ ಹೀಟರ್ ಹಾಕು, ಎಲ್ಸ್, ಅಂದ್ರೆ ಇಲ್ದಿದ್ರೆ, ಆರಿಸು. ವೈಲ್ ಅಂತ ಮೇಲೆ ಹಾಕಿದ್ರೆ ಅದನ್ನೇ ತಿರುಗಾ ಮುರುಗಾ ಮಾಡ್ತಿರ್ತದೆ. ಸೊಪ್ಪಿನ ಹೊತ್ತಿಗೆ ಅಣ್ಣ ಮರೆತು ಎಲ್ಲೋ ಹೋಗಿಬಿಡ್ತಾನೆ ಅಂತ ಇನ್ನೊಂದು ಸಾಲೂ ಸೇರಿಸಿದ್ದಳು: ಇನ್‌ಪುಟ್. ಪರದೆಯ ಮೇಲೆ 'ಸೊಪ್ಪು ಹಾಕಾಯ್ತಾ?' ಅಂತ ಬರುತ್ತೆ. ಯಾರಾದರೂ ಉತ್ತರ ಕೊಟ್ಟು ಎಂಟರ್ ಒತ್ತುವ ತನಕ ಪ್ರೋಗ್ರಾಂ ಅಲ್ಲೇ ನಿಂತಿರುತ್ತೆ, ಮುಂದಿನ ಸಾಲಿಗೆ ಹೋಗೋದಿಲ್ಲ. ದಿನಾ ಅವಳೇ ಒತ್ತುತ್ತಿದ್ದಳು.

ನಿನ್ನೆ ಸಂಜೆ ಅವಳು ಹೊರಗಾದಳು. ಮುಟ್ಟಾದವರು ಹುಳುಮನೆಗೆ ಕಾಲಿಡುವಂತಿಲ್ಲ. ಅಂಗಳದಿಂದಲೇ ಕೂಗಿ ಹೇಳಿದಳು, ಸೊಪ್ಪು ಹಾಕಿದ ಮೇಲೆ ಎಂಟರ್ ಒತ್ತಣ್ಣ, ಹೀಟರ್ ಈಗ ಉರೀತಿದೆ, ಒತ್ತದಿದ್ರೆ ಆರೋದಿಲ್ಲ ಅಂತ. ನನಗೇನು ಪಾಠ ಹೇಳ್ತೀಯಾ ಅಂತ ಗದರಿ ಅವನು ಸೊಪ್ಪು ಹರಡಿ ಬಾಗಿಲೆಳೆದುಕೊಂಡು ಹೋದ. ಆ ಮಾತು ಕದಿರಮ್ಮನ ಕಿವಿಗೂ ಬಿದ್ದಿತ್ತು. ಅವಳು ಎದ್ದು ಹೋಗಿ ನೋಡಲಿಲ್ಲ.

ಈಗ ಮೋಹನ್‌ಬಾಬು ತಂಗಿಯ ಬಲಗೈಯನ್ನು ಹೊಸಿಲ ಕಲ್ಲಿನ ಮೇಲೆ ಮೊಣಕಾಲಿಂದ ಒತ್ತಿ ಹಿಡಿದಿದ್ದ. ಇನ್ನೊಂದು ಕೈಲಿ ಸೊಪ್ಪು ಕತ್ತರಿಸುವ ಮಚ್ಚು.

"ಬೆರಳಿದ್ರೆ ತಾನೇ ನೀನು ಟೈಪ್ ಮಾಡೋದು," ಅಂದ.

ಕದಿರಮ್ಮ ಗೋಡೆಗೆ ಒರಗಿಸಿದ್ದ ಹಿಪ್ಪುನೇರಳೆ ಕಡ್ಡಿಗಳಲ್ಲಿ ದಪ್ಪನೆಯದೊಂದು ಎಳೆದುಕೊಂಡು ಅವನ ಮಣಿಕಟ್ಟಿಗೆ ಬೀಸಿದಳು. ಮೂಳೆಯ ಸದ್ದು ಕೇಳಿಸಿತು. ಮಚ್ಚು ಕಲ್ಲಿಗೆ ತಾಗಿ ಬಿತ್ತು. ಅವನು ಎಡಗೈಯಲ್ಲಿ ಅದನ್ನು ಹುಡುಕಿದ. ಎರಡನೇ ಏಟು ಮೊಣಕೈಗೆ, ಮೂರನೆಯದು ಮುಖಕ್ಕೆ. ಕಡ್ಡಿಯ ಗಂಟು ಕೆನ್ನೆ ಸೀಳಿತು. ಅವನಪ್ಪನ ಕೈಲಿ ತಾನು ತಿಂದ ಏಟುಗಳನ್ನು ಅವಳು ಯಾವತ್ತೂ ಯಾರಿಗೂ ಹಿಂದಿರುಗಿಸಿರಲಿಲ್ಲ.

ಕಾಲರ್ ಹಿಡಿದು ಒಳಕ್ಕೆ ನೂಕಿದಳು. ಹೀಟರ್ ಇನ್ನೂ ಕೆಂಪಗೆ ಉರಿಯುತ್ತಿತ್ತು. ಪರದೆಯ ಮೇಲೆ ಆ ಒಂದೇ ಸಾಲು: ಸೊಪ್ಪು ಹಾಕಾಯ್ತಾ?

"ಓದು ಕಣೋ."

ಅವನು ಓದಿದ. ರಕ್ತ ಗಲ್ಲದಿಂದ ಕೀಲಿಮಣೆಗೆ ತೊಟ್ಟಿಕ್ಕಿತು.

"ನಿನ್ನೆಯಿಂದ ನಿನ್ನನ್ನೇ ಕೇಳ್ತಾ ನಿಂತದೆ. ಒತ್ತು."

ಬಲಗೈ ಏಳಲಿಲ್ಲ. ಎಡಗೈಯಲ್ಲಿ ಒತ್ತಿದ. ಟಕ್ ಅಂತ ಹೀಟರ್ ಆರಿತು.

ಆ ಸದ್ದಿಗೆ ಮೋಹನ್‌ಬಾಬು ಸತ್ತ ಹುಳುಗಳ ನಡುವೆ ಕುಸಿದು ಕೂತ. ಕದಿರಮ್ಮ ಮಚ್ಚನ್ನು ಕಾಲಿಂದ ಅಂಗಳದಾಚೆ ತಳ್ಳಿ ಮಗಳನ್ನು ನೋಡಿದಳು.

"ಒಳಗೆ ಬಾರಮ್ಮ."

"ನಾನು ಹೊರಗಾಗಿದ್ದೀನಮ್ಮ."

"ಗೊತ್ತು, ಬಾ."

ಪವಿತ್ರ ಊದಿದ ಕೈಯನ್ನು ಎದೆಗೊತ್ತಿಕೊಂಡು ಹೊಸಿಲು ದಾಟಿದಳು. ಲ್ಯಾಪ್‌ಟಾಪ್ ಮುಂದೆ ಕೂತು, ಕೀಲಿಮಣೆಯ ರಕ್ತವನ್ನು ದುಪ್ಪಟ್ಟಾದಲ್ಲಿ ಒರೆಸಿ, ಇನ್‌ಪುಟ್ ಇದ್ದ ಸಾಲನ್ನು ಒಂದೊಂದೇ ಅಕ್ಷರವಾಗಿ ಅಳಿಸತೊಡಗಿದಳು. ಕದಿರಮ್ಮ ಬಾಗಿಲಲ್ಲೇ ನಿಂತಿದ್ದಳು. ಕಡ್ಡಿ ಇನ್ನೂ ಕೈಯಲ್ಲಿತ್ತು.