ತಟ್ಟಿ ನೋಡದ ಕೋಣೆ

ವರ್ಷಕ್ಕೊಮ್ಮೆ, ವಾರ್ಷಿಕ ಸಭೆಗೆ ಮುಂಚಿನ ರಜಾದಿನಗಳಲ್ಲಿ, ಅವಳು ಅಮ್ಮನ ಕಾಲದ ಮರದ ಸೌಟು ಹಿಡಿದು ಕಟ್ಟಡದ ಮನೆಮನೆಗೂ ಹೋಗುತ್ತಿದ್ದಳು. ಸ್ಟೂಲು ಹತ್ತಿ, ಸೌಟಿನ ಉದ್ದನೆಯ ಹಿಡಿಯಿಂದ ಗೋಡೆ, ಛಾವಣಿಗಳನ್ನು ತಟ್ಟಿ ಕಿವಿಗೊಡುವುದು ಅವಳ ಕ್ರಮ. ಗಟ್ಟಿ ಗಾರೆ ‘ಟಕ್’ ಎನ್ನುತ್ತದೆ. ಒಳಗೆ ನೀರು ಸೇರಿ ಸಡಿಲಾದ ಗಾರೆ ‘ಡಬ್’ ಎನ್ನುತ್ತದೆ. ಮಕ್ಕಳು ಅವಳನ್ನು ಟಕ್‌ಟಕ್ ಆಂಟಿ ಎಂದು ಕರೆಯತೊಡಗಿದ್ದರು; ಕ್ರಮೇಣ ದೊಡ್ಡವರ ಬಾಯಲ್ಲೂ ಅದೇ ನಿಂತುಬಿಟ್ಟಿತ್ತು.

ಅವಳು ಮನೆಮಾಲೀಕರ ಸಂಘದ ಖಜಾಂಚಿ. ಲಿಫ್ಟು, ನೀರಿನ ಪಂಪು, ಕೊಳವೆಗಳು, ಟೆರೇಸು, ಒಂದೊಂದಕ್ಕೂ ಇನ್ನೆಷ್ಟು ವರ್ಷ ಆಯಸ್ಸು ಎಂದು ಅಂದಾಜು ಮಾಡಿ, ಅಷ್ಟರೊಳಗೆ ಬೇಕಾಗುವ ಹಣವನ್ನು ಎಲ್ಲ ಮನೆಗಳಿಗೂ ಹಂಚಿ, ತಿಂಗಳು ತಿಂಗಳು ದುರಸ್ತಿ ನಿಧಿಗೆ ಸೇರಿಸಿಡುವ ಯೋಜನೆ ಅವಳದೇ. ಲಿಫ್ಟು ಕೆಟ್ಟು ನಿಂತ ದಿನ ಯಾರೂ ಯಾರ ಬಾಗಿಲಿಗೂ ಕೈಚಾಚಿ ಹೋಗಬಾರದು ಎನ್ನುವುದು ಅವಳ ಹಟ.

“ನಮ್ಮ ಆಯಸ್ಸೊಂದು ಬಿಟ್ಟು ಮಿಕ್ಕಿದ್ದೆಲ್ಲದರ ಆಯಸ್ಸೂ ಗೊತ್ತು ಮೇಡಂಗೆ” ಎಂದು ನೆಲಮಹಡಿಯ ಅಧ್ಯಕ್ಷರು ನಗುತ್ತಿದ್ದರು.

ಆದರೆ ಅವಳು ಆ ದಿನಗಳಿಗೆ ಕಾಯುತ್ತಿದ್ದದ್ದು ಲೆಕ್ಕಕ್ಕಾಗಿ ಮಾತ್ರವಲ್ಲ. ಅಮ್ಮ ಹೋದ ಮೇಲೆ ಆಫೀಸಿನಿಂದ ಬಂದು ಬೀಗ ತೆಗೆದರೆ, ಮರುದಿನ ಬೀಗ ಹಾಕುವವರೆಗೆ ಅವಳ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಸುಮ್ಮನೆ ಇನ್ನೊಬ್ಬರ ಮನೆಗೆ ಹೋಗಿ ಕೂರುವುದು ಅವಳಿಗೆ ಬಾರದ ವಿದ್ಯೆ. ಸೌಟು ಕೈಯಲ್ಲಿದ್ದರೆ ಮಾತ್ರ ಎಲ್ಲ ಬಾಗಿಲೂ ತೆರೆಯುತ್ತಿದ್ದವು. ಅವಳು ಗೋಡೆಗೆ ಮುಖ ಮಾಡಿ ತಟ್ಟುತ್ತಿದ್ದರೆ, ಹೆಂಗಸರು ಅವಳ ಬೆನ್ನಿಗೆ ತಮ್ಮ ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿಕೊಳ್ಳುತ್ತಿದ್ದರು.

“ಜೋರಾಗಿ ತಟ್ಟಿ ಅಕ್ಕಾ, ನಮ್ಮತ್ತೆಗೆ ಕೇಳಿಸಬಾರದು” ಎನ್ನುತ್ತಿದ್ದಳು ಮೂರನೇ ಮಹಡಿಯ ಸೊಸೆ. ಆಮೇಲೆ ಪಿಸುದನಿಯಲ್ಲಿ ಅತ್ತೆಯ ಪುರಾಣ.

ಈ ವರ್ಷ ಅಧ್ಯಕ್ಷರು ಒಬ್ಬ ಎಂಜಿನಿಯರ್ ಹುಡುಗಿಯನ್ನು ಕರೆಸಿದರು. “ಒಂದ್ಸಲ ನೋಡ್ಲಿ ಮೇಡಂ. ಇವಳ ವರದೀಲಿ ಹೊಸದೇನಾದ್ರೂ ಸಿಕ್ರೆ ಮುಂದಕ್ಕೂ ಇವಳಿಗೇ ಕೊಡೋಣ. ಏನೂ ಸಿಗದಿದ್ರೆ ಸುಮ್ನೆ ಯಾಕೆ ಖರ್ಚು, ನೀವೇ ಇದ್ದೀರಲ್ಲ.”

ಅವಳು ಹುಡುಗಿಯ ಜೊತೆ ಮನೆಮನೆ ತಿರುಗಿದಳು. ಹುಡುಗಿಯ ಹತ್ತಿರ ಪುಟ್ಟ ಸುತ್ತಿಗೆ, ಗೋಡೆಗೆ ಒತ್ತಿದರೆ ತೇವ ತೋರಿಸುವ ಯಂತ್ರ. ಆದರೂ ಸೌಟಿನ ಅಂದಾಜುಗಳೆಲ್ಲ ಸರಿಯಾಗಿಯೇ ಇದ್ದವು. ಟೆರೇಸಿಗೂ ಅವಳು ಹೇಳಿದ ಆರು ವರ್ಷವನ್ನೇ ಹುಡುಗಿ ಬರೆದುಕೊಂಡಳು.

“ಟೆರೇಸಿನ ಕೆಳಗೆ ಒಂದು ಮನೆ ಉಳೀತಲ್ಲ ಆಂಟಿ?”

“ಅದು ನಮ್ಮನೆ. ನಾನೇ ಇರ್ತೀನಲ್ಲಮ್ಮ, ನನಗೆ ಗೊತ್ತಿರಲ್ವಾ?”

ಹುಡುಗಿ ನಕ್ಕು, ಸುತ್ತಿಗೆ ಚೀಲಕ್ಕೆ ಹಾಕಿಕೊಂಡು ಹೊರಟುಹೋದಳು.

ಗೆದ್ದ ಖುಷಿಯಲ್ಲಿ ಅವಳು ಮನೆಗೆ ಬಂದು ಸೌಟನ್ನು ತೊಳೆಯಲು ಹೊರಟು, ಅರ್ಧಕ್ಕೆ ನಿಂತಳು. ಇಷ್ಟು ವರ್ಷಗಳಲ್ಲಿ ಈ ಮನೆಯನ್ನು ಯಾವತ್ತೂ ತಟ್ಟಿರಲಿಲ್ಲ. ತಟ್ಟುವುದೆಂದರೆ ಇನ್ನೊಬ್ಬರ ಮನೆಗೆ ಹೋಗುವುದು. ತನ್ನ ಮನೆಗೆ ತಾನೇ ಹೋಗುವುದು ಹೇಗೆ? ನಗು ಬಂತು. ನಗುತ್ತಲೇ ನಡುಮನೆ ತಟ್ಟಿದಳು, ಅಡುಗೆಮನೆ ತಟ್ಟಿದಳು. ಟಕ್, ಟಕ್. ಉಳಿದದ್ದು ಅಮ್ಮನ ಕೋಣೆ. ಅದರ ಬಾಗಿಲನ್ನು ಗುಡಿಸುವುದಕ್ಕೆ ತೆಗೆದು, ತಲೆ ಎತ್ತದೆ ಗುಡಿಸಿ, ಮತ್ತೆ ಮುಚ್ಚುವುದೇ ಅವಳಿಗೆ ರೂಢಿ.

ದೀಪ ಹಾಕಿದಳು. ಅಮ್ಮನ ಮಂಚದ ನೇರ ಮೇಲೆ ಛಾವಣಿ ಕಂದುಬಣ್ಣಕ್ಕೆ ತಿರುಗಿ ಬಿರುಕುಬಿಟ್ಟಿತ್ತು. ತಟ್ಟಿದಳು. ಡಬ್. ಪಕ್ಕದಲ್ಲಿ ತಟ್ಟಿದಳು. ಡಬ್. ಗೋಡೆಯ ಮೂಲೆಯವರೆಗೂ ಅದೇ ಸದ್ದು. ಒಂದು ಚಕ್ಕೆ ಗಾರೆ ಕಳಚಿ ಬರಿಯ ಹಾಸಿಗೆಯ ಮೇಲೆ ಬಿತ್ತು.

ಟೆರೇಸಿಗೆ ಆರು ವರ್ಷವಲ್ಲ, ಆರು ತಿಂಗಳೂ ಇಲ್ಲ.

ಈ ಸಂಗತಿ ಅವಳೊಬ್ಬಳಿಗೇ ಗೊತ್ತು. ಹೇಳಿದರೆ ಅವಳ ಸೌಟಿನ ಮೇಲೆ ಯಾರಿಗೂ ನಂಬಿಕೆ ಉಳಿಯುವುದಿಲ್ಲ, ಮುಂದಿನ ವರ್ಷ ಯಾವ ಬಾಗಿಲೂ ಅವಳಿಗಾಗಿ ತೆರೆಯುವುದಿಲ್ಲ. ಹೇಳದಿದ್ದರೆ ನೀರು ಗೋಡೆಯೊಳಗೇ ಇಳಿದು ಕೆಳಗಿನ ಮನೆ ಮುಟ್ಟುತ್ತದೆ. ಆ ಮನೆಯಲ್ಲಿ, ಇದೇ ಗೋಡೆಗೆ ಒತ್ತಿ, ಮೂರನೇ ಮಹಡಿಯ ಆ ಸೊಸೆಯ ಮಗುವಿನ ತೊಟ್ಟಿಲಿದೆ. ಅವಳು ಗಾರೆಯ ಚೂರುಗಳನ್ನು ಒಂದೊಂದಾಗಿ ಆರಿಸಿ ಸೆರಗಿಗೆ ಹಾಕಿಕೊಂಡಳು. ಅಮ್ಮ ಇದ್ದಿದ್ದರೆ ಮೊದಲ ಹನಿ ಬಿದ್ದ ದಿನವೇ ಕೂಗು ಹಾಕುತ್ತಿದ್ದಳು.

ಸಭೆಯಲ್ಲಿ ಅಧ್ಯಕ್ಷರು ವರದಿ ಓದಿ ಮುಗಿಸುವ ಮೊದಲೇ ಅವಳು ಎದ್ದು ನಿಂತಳು.

“ಟೆರೇಸಿನ ವಿಷಯ ತಪ್ಪಿದೆ. ಲಿಫ್ಟಿಗಿಂತ ಮೊದಲು ಅದನ್ನ ಈ ವರ್ಷವೇ ಮಾಡಿಸಬೇಕು. ನಮ್ಮನೆ ಛಾವಣಿ ಪೊಳ್ಳಾಗಿದೆ.”

“ಯಾವಾಗಿಂದ?”

“ಗೊತ್ತಿಲ್ಲ. ನಾನು ನೋಡಿರಲಿಲ್ಲ.”

“ಎಲ್ಲರ ಮನೆ ತಟ್ಟಿದವರು ನಿಮ್ಮನೆ ಒಂದನ್ನೇ ಬಿಟ್ರಾ?” ಎಂದು ಹಿಂದಿನಿಂದ ಯಾರೋ ನಕ್ಕರು. ಎರಡನೇ ಮಹಡಿಯ ವಕೀಲ ನಗಲಿಲ್ಲ. “ಲಿಫ್ಟಿಗೆ ಇಟ್ಟಿರೋ ದುಡ್ಡಲ್ಲಿ ಮೊದಲು ಖಜಾಂಚಿ ಮನೆ ರಿಪೇರಿ. ಚೆನ್ನಾಗಿದೆ ಲೆಕ್ಕ!”

ಅವಳು ವಕೀಲನತ್ತ ತಿರುಗಿದಳು. “ಬಂದು ನೋಡಿ” ಎಂದಳು. ಆ ಮಾತನ್ನು ತಾನು ಯಾರಿಗಾದರೂ ಹೇಳಿ ಎಷ್ಟು ಕಾಲವಾಗಿತ್ತೋ.

ಎಲ್ಲರೂ ಮೆಟ್ಟಿಲು ಹತ್ತಿ ಬಂದರು. ಬಾಗಿಲಲ್ಲಿ ಚಪ್ಪಲಿಗಳು ಒಂದರ ಮೇಲೊಂದು ಬಿದ್ದವು. ಅಮ್ಮನ ಕೋಣೆ ತುಂಬಿಹೋಯಿತು. ಅಧ್ಯಕ್ಷರು ಸೌಟು ಇಸಿದುಕೊಂಡು ತಟ್ಟಿದರು, ವಕೀಲನೂ ತಟ್ಟಿದ. ಡಬ್ ಡಬ್ ಎನ್ನುವ ಸದ್ದಿಗೆ ಅವನ ಮುಖ ಇಳಿಯಿತು. “ಕ್ಷಮಿಸಿ ಮೇಡಂ. ಇದು ತಡೆಯಲ್ಲ.” ಸೊಸೆ ಮಗುವನ್ನು ಎದೆಗೊತ್ತಿಕೊಂಡು, “ಇದು ನಮ್ಮ ತಲೆ ಮೇಲೇ ಬರೋದಲ್ವಾ!” ಎಂದಳು.

ಚಹಾ ಮಾಡೋಣವೆಂದು ಅವಳು ಅಡುಗೆಮನೆಗೆ ಓಡಿದಳು. ಅಟ್ಟದಿಂದ ಅಮ್ಮನ ಕಪ್ಪುಗಳನ್ನು ಇಳಿಸಿ, ಧೂಳು ತೊಳೆದು, ನೀರು ಕುದಿಯಲಿಟ್ಟಳು. ಅಷ್ಟರಲ್ಲಿ ಕೋಣೆಯೊಳಗೇ ನಿಂತು ಅವರು ತೀರ್ಮಾನ ಮಾಡಿ ಮುಗಿಸಿದ್ದರು: ಟೆರೇಸು ಈ ವರ್ಷ, ಲಿಫ್ಟು ಆಮೇಲೆ, ತಿಂಗಳ ಕಂತು ಸ್ವಲ್ಪ ಹೆಚ್ಚು, ಇನ್ನು ಮುಂದೆ ಒಂದು ಮನೆಯನ್ನೂ ಬಿಡದೆ ನೋಡಲು ಪ್ರತಿವರ್ಷ ಎಂಜಿನಿಯರ್. “ನೀವೂ ಎಷ್ಟು ಅಂತ ಓಡಾಡ್ತೀರಿ, ಇನ್ನು ಆರಾಮಾಗಿರಿ” ಎಂದು ಅಧ್ಯಕ್ಷರು ಸೌಟನ್ನು ಅವಳ ಕೈಗಿತ್ತರು. ಅವಳು ಚಹಾ ಕುಡಿದು ಹೋಗಿ ಎಂದಾಗ, “ಅಯ್ಯೋ ಬೇಡ ಬೇಡ, ಇಷ್ಟು ಜನಕ್ಕೆ ಯಾಕೆ ತೊಂದರೆ” ಎನ್ನುತ್ತ ಇಳಿದುಹೋದರು.

ಕೊನೆಗೆ ಉಳಿದವಳು ಸೊಸೆ.

“ಬರೋ ವರ್ಷ ನೀವು ಬರಲ್ವಾ ಅಕ್ಕಾ?”

“ಎಂಜಿನಿಯರ್ ಬರ್ತಾಳಲ್ಲ.”

“ಆ ಹುಡುಗಿ ಮುಂದೆ ನಮ್ಮತ್ತೆ ವಿಷಯ ಎತ್ತೋಕಾಗುತ್ತಾ?”

ಇಬ್ಬರೂ ನಕ್ಕರು. ಸುಮ್ಮನೆ ಬರುತ್ತೇನೆ ಎನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಮಗು ಅತ್ತಿತು, ಸೊಸೆ ಹೊರಟಳು.

ಒಲೆಯ ಮೇಲೆ ನೀರು ಮರಳುತ್ತಿತ್ತು. ಅವಳು ಸೌಟಿನ ಹಿಡಿಗೆ ಅಂಟಿದ್ದ ಸುಣ್ಣವನ್ನು ಉಗುರಿನಿಂದ ಕೆರೆದು, ತೊಳೆದು, ಮಿಕ್ಕ ಸೌಟುಗಳ ಪಕ್ಕ ಸಿಕ್ಕಿಸಿದಳು. ಒಬ್ಬಳ ಅಡುಗೆಗೆ ಅದು ತೀರ ದೊಡ್ಡದು. ಒಂದು ಕಪ್ಪಿನಷ್ಟು ನೀರು ಉಳಿಸಿಕೊಂಡು ಮಿಕ್ಕದ್ದನ್ನು ಚೆಲ್ಲಿದಳು. ಇಳಿಸಿದ ಕಪ್ಪುಗಳನ್ನು ಮಾತ್ರ ಅಟ್ಟಕ್ಕೆ ಹಾಕದೆ, ಕೈಗೆ ಸಿಗುವ ಹಲಗೆಯ ಮೇಲೆ ಬೋರಲು ಹಾಕಿದಳು.